ಆತಿಥ್ಯೋದ್ಯಮ ಮತ್ತು ರೆಸಾರ್ಟ್ ಪ್ರವಾಸೋದ್ಯಮದ ವೃತ್ತಿಗಳು: ವಿದ್ಯಾರ್ಥಿಗಳಿಗೆ ಪರಿಚಯಿಸುವಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಗ್ರಾಮ ಪಂಚಾಯಿತಿಯ ಸರಹದ್ದಿನೊಳಗೆ ಒಂದು ರೆಸಾರ್ಟ್ ಆರಂಭವಾದಾಗ ಸಭೆಯಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯಗಳು ಮೂರು: ಕಟ್ಟಡ ತೆರಿಗೆ, ರಸ್ತೆ ಮತ್ತು ಕಸ. ಈ ಮೂರೂ ಅಗತ್ಯವಾದ ವಿಷಯಗಳೇ. ಆದರೆ ನಾಲ್ಕನೆಯ ವಿಷಯವೊಂದು ಬಹುತೇಕ ಸಭೆಗಳಲ್ಲಿ ಪ್ರಸ್ತಾಪವಾಗದೆ ಉಳಿಯುತ್ತದೆ. ಆ ರೆಸಾರ್ಟಿನಲ್ಲಿ ನಮ್ಮ ಊರಿನ ಮಕ್ಕಳು ಮುಂದೆ ಯಾವ ಸ್ಥಾನದಲ್ಲಿ ಕೆಲಸ ಮಾಡುವರು ಎಂಬುದೇ ಆ ವಿಷಯ. ಕಾವಲು, ತೋಟದ ಕೂಲಿ ಮತ್ತು ಸ್ವಚ್ಛತೆಯ ಕೆಲಸಗಳು ಊರಿನವರಿಗೆ ದೊರೆತು, ಸ್ವಾಗತ ಕಚೇರಿ, ಅಡುಗೆಮನೆಯ ಮೇಲ್ವಿಚಾರಣೆ, ಲೆಕ್ಕಪತ್ರ ಹಾಗೂ ವ್ಯವಸ್ಥಾಪಕ ಹುದ್ದೆಗಳು ಹೊರಗಿನಿಂದ ಬಂದವರ ಪಾಲಾಗುವುದು ಅನೇಕ ಕಡೆ ಕಂಡುಬರುವ ಚಿತ್ರ. ಇದಕ್ಕೆ ಊರಿನ ಮಕ್ಕಳಲ್ಲಿ ಸಾಮರ್ಥ್ಯದ ಕೊರತೆ ಕಾರಣವೆಂದು ಭಾವಿಸುವುದು ಸರಿಯಲ್ಲ. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸುವ ಹೊತ್ತಿಗೆ ಅಂತಹ ಹುದ್ದೆಗಳಿವೆ, ಅವುಗಳಿಗೆ ಇಂತಹ ಕಲಿಕೆಯ ದಾರಿಯಿದೆ ಎಂಬ ಮಾಹಿತಿಯೇ ಅವರನ್ನು ತಲುಪಿರುವುದಿಲ್ಲ.

ಆ ಮಾಹಿತಿಯನ್ನು ಸಕಾಲದಲ್ಲಿ ತಲುಪಿಸುವ ಕಾರ್ಯದಲ್ಲಿ ಪಂಚಾಯಿತಿಯು ಏನು ಮಾಡಬಹುದು, ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ಈ ವಿಷಯವು ಪಂಚಾಯಿತಿಗೆ ಹೇಗೆ ಸಂಬಂಧಿಸಿದೆ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರವಾಸೋದ್ಯಮವು ಆ ಪಟ್ಟಿಯಲ್ಲಿ ಪ್ರತ್ಯೇಕ ವಿಷಯವಾಗಿ ಇಲ್ಲ. ಆದ್ದರಿಂದಲೇ "ಇದು ಪ್ರವಾಸೋದ್ಯಮ ಇಲಾಖೆಯ ಕೆಲಸ, ನಮ್ಮದಲ್ಲ" ಎಂಬ ಅಭಿಪ್ರಾಯ ಕೆಲವರಲ್ಲಿ ಇರುವುದುಂಟು. ಆದರೆ ಅದೇ ಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣವು 17ನೇ ವಿಷಯ; ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣವು 18ನೇ ವಿಷಯ; ಗ್ರಂಥಾಲಯವು 20ನೇ ವಿಷಯ. ವಿದ್ಯಾರ್ಥಿಗೆ ವೃತ್ತಿಯೊಂದನ್ನು ಪರಿಚಯಿಸುವ ಕಾರ್ಯವು ಈ ಮೂರು ವಿಷಯಗಳ ವ್ಯಾಪ್ತಿಗೆ ಸಹಜವಾಗಿಯೇ ಬರುತ್ತದೆ. ಮಕ್ಕಳ ಗ್ರಾಮಸಭೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಗ್ರಂಥಾಲಯದ ಅರಿವು ಕೇಂದ್ರ, ಸಂಜೀವಿನಿ ಒಕ್ಕೂಟ ಇವೆಲ್ಲವೂ ಈಗಾಗಲೇ ಪಂಚಾಯಿತಿಯ ಕೈಯಲ್ಲಿರುವ ವೇದಿಕೆಗಳು. ಹೊಸ ವ್ಯವಸ್ಥೆಯನ್ನು ಕಟ್ಟುವ ಅಗತ್ಯವಿಲ್ಲ.

2. ಕಬಿನಿ ಹಿನ್ನೀರಿನ ಉದಾಹರಣೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಭಾಗದ ಕಬಿನಿ ಹಿನ್ನೀರಿನ ಪ್ರದೇಶವನ್ನು ಈ ಪಾಠಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳ ನಡುವೆ ಹರಡಿಕೊಂಡಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಗಳು ಬತ್ತಿರುವ ಆ ದಿನಗಳಲ್ಲಿ ಆನೆಗಳ ಹಿಂಡುಗಳು ಅಲ್ಲಿಗೆ ಇಳಿದುಬರುತ್ತವೆ. ಈ ದೃಶ್ಯವನ್ನು ನೋಡಲು ದೇಶ ವಿದೇಶಗಳಿಂದ ಪ್ರವಾಸಿಗರು ಬರುತ್ತಾರೆ.

ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು 1980ರಲ್ಲಿ ಸ್ಥಾಪನೆಯಾಯಿತು. ಕಾರಾಪುರದಲ್ಲಿರುವ ಅದರ ಕಬಿನಿ ರಿವರ್ ಲಾಡ್ಜ್, ರಾಜ್ಯದ ವನ್ಯಜೀವಿ ಪ್ರವಾಸೋದ್ಯಮದ ಮೊದಲ ಹೆಜ್ಜೆಗಳಲ್ಲೊಂದು. ಮುಂದಿನ ವರ್ಷಗಳಲ್ಲಿ ಹಿನ್ನೀರಿನ ಅಂಚಿನಲ್ಲಿ ಖಾಸಗಿ ರೆಸಾರ್ಟುಗಳೂ ಬಂದವು. ಅದೇ ಸಂಸ್ಥೆಯು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಭದ್ರಾ, ದಾಂಡೇಲಿ ಮತ್ತು ಕಾರವಾರದ ದೇವಬಾಗ ಮುಂತಾದೆಡೆ ವಸತಿ ತಾಣಗಳನ್ನು ನಡೆಸುತ್ತಿದೆ.

ಈ ತಾಲ್ಲೂಕು ಜೇನುಕುರುಬ, ಕಾಡುಕುರುಬ, ಯರವ ಮುಂತಾದ ಬುಡಕಟ್ಟು ಸಮುದಾಯಗಳ ಹಾಡಿಗಳಿರುವ ಪ್ರದೇಶವೂ ಹೌದು. ಪ್ರಾಣಿಯ ಹೆಜ್ಜೆ ಗುರುತು, ಹಕ್ಕಿಯ ಕೂಗು, ಮರದ ಉಪಯೋಗ ಇವುಗಳ ಬಗ್ಗೆ ಹಾಡಿಯ ಹಿರಿಯರಿಗಿರುವ ತಿಳಿವಳಿಕೆಯು ವನ್ಯಜೀವಿ ರೆಸಾರ್ಟಿನಲ್ಲಿ ನ್ಯಾಚುರಲಿಸ್ಟ್ ಎಂಬ ಹುದ್ದೆಗೆ ಬೇಕಾದ ಮೂಲ ಬಂಡವಾಳ. ನ್ಯಾಚುರಲಿಸ್ಟ್ ಎಂದರೆ ಅತಿಥಿಗಳನ್ನು ಕಾಡಿಗೆ ಕರೆದೊಯ್ದು, ಕಂಡದ್ದನ್ನು ವಿವರಿಸುವ ಪ್ರಕೃತಿ ಮಾರ್ಗದರ್ಶಿ. ಆ ತಿಳಿವಳಿಕೆಗೆ ವೈಜ್ಞಾನಿಕ ಹೆಸರುಗಳ ಪರಿಚಯ, ಸರಳ ಇಂಗ್ಲಿಷ್ ಮಾತು, ಸುರಕ್ಷತೆಯ ನಿಯಮ ಮತ್ತು ಪ್ರಥಮ ಚಿಕಿತ್ಸೆಯ ಜ್ಞಾನ ಸೇರಿದರೆ ಅದು ಗೌರವದ ವೃತ್ತಿಯಾಗುತ್ತದೆ. ಹಾಡಿಯ ಯುವಕನೊಬ್ಬ ಅದೇ ರೆಸಾರ್ಟಿನಲ್ಲಿ ಸೌದೆ ಒಡೆಯುವ ಕೆಲಸಕ್ಕೆ ಸೇರುವುದಕ್ಕೂ, ಮಾರ್ಗದರ್ಶಿಯಾಗಿ ಜೀಪಿನ ಮುಂದಿನ ಆಸನದಲ್ಲಿ ಕುಳಿತುಕೊಳ್ಳುವುದಕ್ಕೂ ನಡುವಿನ ಅಂತರ ಇಷ್ಟೇ. ಈ ಅಂತರವನ್ನು ಪ್ರೌಢಶಾಲೆಯ ಹಂತದಲ್ಲಿಯೇ ಗುರುತಿಸಿ ತುಂಬುವುದು ಸುಲಭ. ಮೂವತ್ತರ ವಯಸ್ಸಿನಲ್ಲಿ ತುಂಬುವುದು ಕಷ್ಟ.

3. ರೆಸಾರ್ಟಿನೊಳಗಿನ ಕೆಲಸಗಳು

ಹೊರಗಿನಿಂದ ನೋಡುವವರಿಗೆ ರೆಸಾರ್ಟಿನಲ್ಲಿ ಬಡಿಸುವವರು, ಅಡುಗೆಯವರು ಮತ್ತು ಕಾವಲುಗಾರರು ಮಾತ್ರ ಕಾಣುತ್ತಾರೆ. ಒಳಗಿನ ವಿಭಾಗಗಳು ಹಲವು. ಪ್ರತಿ ವಿಭಾಗದಲ್ಲಿಯೂ ಶಾಲೆಯಲ್ಲಿ ಕಲಿತ ಪಾಠವು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಕೊಡಬೇಕು.

ಸ್ವಾಗತ ಕಚೇರಿ: ಕೋಣೆ ಕಾಯ್ದಿರಿಸುವಿಕೆ, ಅತಿಥಿಗಳ ನೋಂದಣಿ, ಬಿಲ್ಲು ತಯಾರಿಕೆ ಇಲ್ಲಿನ ಕೆಲಸ. ವಿದೇಶಿ ಅತಿಥಿ ಬಂದಲ್ಲಿ ಅವರ ವಿವರವನ್ನು 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಕಂಪ್ಯೂಟರ್ ಜ್ಞಾನ, ಭಾಷೆ ಮತ್ತು ತಾಳ್ಮೆ ಇಲ್ಲಿ ಮುಖ್ಯ.

ಅಡುಗೆಮನೆ: ಕಿರಿಯ ಸಹಾಯಕನಿಂದ ಮುಖ್ಯ ಬಾಣಸಿಗನವರೆಗೆ ಹಲವು ಮೆಟ್ಟಿಲುಗಳಿವೆ. ಬೇಯಿಸಿದ ಆಹಾರವು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಹೆಚ್ಚು ಹೊತ್ತು ಉಳಿದರೆ ಅದರಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅದನ್ನು ಬಿಸಿಯಾಗಿಯೇ ಇಡಬೇಕು ಅಥವಾ ಬೇಗ ತಣಿಸಿ ಶೀತಲ ಪೆಟ್ಟಿಗೆಗೆ ಸೇರಿಸಬೇಕು ಎಂಬ ನಿಯಮವು ಹೈಸ್ಕೂಲಿನ ವಿಜ್ಞಾನ ಪಾಠಕ್ಕೆ ನೇರವಾಗಿ ಸಂಬಂಧಿಸಿದ್ದು. ಸ್ಥಳೀಯ ಅಡುಗೆಯನ್ನು ಬಲ್ಲವರಿಗೆ ಇಲ್ಲಿ ಬೇಡಿಕೆಯಿದೆ. ರಾಗಿ ಮುದ್ದೆ, ಬಸ್ಸಾರು, ಅಕ್ಕಿ ರೊಟ್ಟಿ, ಕಾಡು ಸೊಪ್ಪಿನ ಪಲ್ಯ ಇವುಗಳನ್ನು ಅತಿಥಿಗಳು ಕೇಳಿ ಉಣ್ಣುತ್ತಾರೆ.

ಊಟೋಪಚಾರ: ಬಡಿಸುವುದು, ಆರ್ಡರ್ ಪಡೆಯುವುದು, ಯಾವ ಅತಿಥಿಗೆ ಯಾವ ಪದಾರ್ಥ ಒಗ್ಗದು ಎಂಬುದನ್ನು ಅಡುಗೆಮನೆಗೆ ತಿಳಿಸುವುದು.

ಹೌಸ್‌ಕೀಪಿಂಗ್: ಕೋಣೆಗಳ ಸಿದ್ಧತೆ, ಬಟ್ಟೆ ಒಗೆತ, ದಾಸ್ತಾನಿನ ಲೆಕ್ಕ. ಈ ವಿಭಾಗದಲ್ಲಿ ಮೇಲ್ವಿಚಾರಕ ಹುದ್ದೆಗೆ ಏರಲು ಲೆಕ್ಕ ಬರೆಯುವ ಮತ್ತು ತಂಡವನ್ನು ನಡೆಸುವ ಶಕ್ತಿ ಬೇಕು.

ನಿರ್ವಹಣೆ: ವಿದ್ಯುತ್, ನಲ್ಲಿ, ಪಂಪ್‌ಸೆಟ್, ಜನರೇಟರ್, ಸೌರಫಲಕ, ಕೊಳಚೆ ನೀರಿನ ಶುದ್ಧೀಕರಣ ಘಟಕ. ಐ.ಟಿ.ಐ. ಮುಗಿಸಿದ ಯುವಕರಿಗೆ ರೆಸಾರ್ಟಿನ ಬಾಗಿಲು ತೆರೆಯುವುದು ಹೆಚ್ಚಾಗಿ ಇಲ್ಲಿಂದಲೇ.

ಹೊರಾಂಗಣ ಚಟುವಟಿಕೆ: ಪ್ರಕೃತಿ ಮಾರ್ಗದರ್ಶನ, ದೋಣಿ ಮತ್ತು ಹರಿಗೋಲು ನಡೆಸುವಿಕೆ, ಜೀವರಕ್ಷಣೆ, ಸಫಾರಿ ವಾಹನ ಚಾಲನೆ.

ಇವುಗಳಲ್ಲದೆ ರೆಸಾರ್ಟಿಗೆ ಹೊರಗಿನಿಂದ ಪೂರೈಕೆ ಮಾಡುವವರಿಗೂ ಅವಕಾಶವಿದೆ. ತರಕಾರಿ, ಹಾಲು, ಮೊಟ್ಟೆ, ಜೇನು, ಬಾಡಿಗೆ ವಾಹನ, ಬಟ್ಟೆ ಒಗೆತ ಇವುಗಳನ್ನು ಸ್ವಸಹಾಯ ಸಂಘಗಳೂ ವಹಿಸಿಕೊಳ್ಳಬಹುದು. ಮನೆಯಲ್ಲಿಯೇ ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು.

4. ಕಲಿಕೆಯ ದಾರಿಗಳು

ಶಾಲೆಯನ್ನು ಮಧ್ಯದಲ್ಲಿ ಬಿಟ್ಟು 18 ವರ್ಷ ತುಂಬಿದವರಿಗೆ: ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2009-10ರಲ್ಲಿ 'ಹುನರ್ ಸೆ ರೋಜ್‌ಗಾರ್ ತಕ್' ಎಂಬ ಹೆಸರಿನಲ್ಲಿ ಅಡುಗೆ, ಊಟೋಪಚಾರ, ಹೌಸ್‌ಕೀಪಿಂಗ್ ಮೊದಲಾದ ವಿಷಯಗಳಲ್ಲಿ ಅಲ್ಪಾವಧಿಯ ಉಚಿತ ತರಬೇತಿಯನ್ನು ಆರಂಭಿಸಿತು. ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯು ತರಬೇತಿಯ ಜೊತೆಗೆ ಉದ್ಯೋಗಕ್ಕೆ ಸೇರಿಸುವ ಹೊಣೆಯನ್ನೂ ಒಳಗೊಂಡಿದೆ. ಸ್ವಂತ ಉದ್ಯೋಗ ಮಾಡಬಯಸುವವರಿಗೆ ರುಡ್‌ಸೆಟ್ ಸಂಸ್ಥೆಯಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಪ್ರಯೋಗವೇ ಮುಂದೆ ದೇಶದಾದ್ಯಂತ ಜಿಲ್ಲೆಗೊಂದರಂತೆ ಸ್ಥಾಪನೆಯಾದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾಯಿತು. ಈಗ ಯಾವ ತಂಡಕ್ಕೆ ಪ್ರವೇಶ ನಡೆಯುತ್ತಿದೆ ಎಂಬುದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಿಂದ ಕೇಳಿ ತಿಳಿದ ನಂತರವೇ ವಿದ್ಯಾರ್ಥಿಗಳಿಗೆ ಹೇಳುವುದು ಒಳಿತು.

ಎಸ್.ಎಸ್.ಎಲ್.ಸಿ. ನಂತರ: ಕೈಗಾರಿಕಾ ತರಬೇತಿ ಪಠ್ಯಕ್ರಮದಲ್ಲಿ ಅಡುಗೆ ತಯಾರಿಕೆ, ಊಟೋಪಚಾರ ಸೇವೆ, ಸ್ವಾಗತ ಕಚೇರಿ ಸಹಾಯಕ, ಹೌಸ್‌ಕೀಪರ್, ಬೇಕರಿ ಮೊದಲಾದ ವೃತ್ತಿ ಶಾಖೆಗಳಿವೆ. ಎಲ್ಲ ಐ.ಟಿ.ಐ.ಗಳಲ್ಲಿಯೂ ಇವು ಇರುವುದಿಲ್ಲ. ಎಲ್ಲಿವೆ ಎಂಬ ಪಟ್ಟಿಯನ್ನು ಮೊದಲು ಪಡೆಯಬೇಕು. ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಶಾಖೆಗಳೂ ರೆಸಾರ್ಟಿನ ನಿರ್ವಹಣಾ ವಿಭಾಗಕ್ಕೆ ಸಲ್ಲುತ್ತವೆ.

ಪಿ.ಯು.ಸಿ. ನಂತರ: ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗೆ ವಿಜ್ಞಾನ ವಿಭಾಗದಲ್ಲಿಯೇ ಓದಿರಬೇಕೆಂಬ ನಿಯಮವಿಲ್ಲ. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಅರ್ಹರು. ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಬೆಂಗಳೂರಿನ ಕೇಂದ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಸೇರಿದಂತೆ ರಾಷ್ಟ್ರೀಯ ಮಂಡಳಿಗೆ ಸೇರಿದ ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ನಡೆಯುತ್ತದೆ. ನಮ್ಮ ಗ್ರಾಮೀಣ ಪದವಿಪೂರ್ವ ಕಾಲೇಜುಗಳಲ್ಲಿ ಈ ಪರೀಕ್ಷೆಯ ಹೆಸರನ್ನು ಕೇಳಿದ ವಿದ್ಯಾರ್ಥಿಗಳು ವಿರಳ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ವಿಷಯ ತಿಳಿದರೆ ಒಂದು ವರ್ಷ ವ್ಯರ್ಥವಾಗುತ್ತದೆ. ಶುಲ್ಕದ ಹೊರೆ ಭಾರವಾಗಿರುವುದರಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯದ ಮಾಹಿತಿಯನ್ನೂ ಜೊತೆಯಲ್ಲಿಯೇ ನೀಡಬೇಕು.

5. ಮರೆಮಾಚದೆ ತಿಳಿಸಬೇಕಾದ ಸಂಗತಿಗಳು

ವೃತ್ತಿಯ ಪರಿಚಯವು ಜಾಹೀರಾತಿನಂತೆ ಆಗಬಾರದು. ಈ ಉದ್ಯಮದ ಕಷ್ಟಗಳನ್ನೂ ವಿದ್ಯಾರ್ಥಿ ಮತ್ತು ಪೋಷಕರಿಗೆ ಸ್ಪಷ್ಟವಾಗಿ ಹೇಳತಕ್ಕದ್ದು.

ಮೊದಲನೆಯದಾಗಿ, ಊರಿಗೆಲ್ಲ ಹಬ್ಬವಿರುವಾಗ ರೆಸಾರ್ಟಿನವರಿಗೆ ಕೆಲಸ ಹೆಚ್ಚು. ದಸರಾ, ದೀಪಾವಳಿ ಮತ್ತು ಬೇಸಿಗೆ ರಜೆಯಲ್ಲಿ ರಜೆ ಸಿಗುವುದು ಕಷ್ಟ. ಪಾಳಿಯ ಕೆಲಸ, ಬಹಳ ಹೊತ್ತು ನಿಂತೇ ಮಾಡುವ ಕೆಲಸ ಸಾಮಾನ್ಯ. ಆರಂಭದ ಸಂಬಳವೂ ಕಡಿಮೆ.

ಎರಡನೆಯದಾಗಿ, ಪ್ರವಾಸೋದ್ಯಮವು ಹೊರಗಿನ ಪೆಟ್ಟಿಗೆ ಬೇಗ ಸಿಲುಕುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತ ಮತ್ತು ಪ್ರವಾಹದ ನಂತರ ಅಲ್ಲಿನ ಹೋಂಸ್ಟೇ ಹಾಗೂ ರೆಸಾರ್ಟುಗಳು ಅತಿಥಿಗಳಿಲ್ಲದೆ ಬರಿದಾದವು. 2020ರ ಕೋವಿಡ್ ಲಾಕ್‌ಡೌನ್ ಅವಧಿಯಲ್ಲಿ ದೇಶದ ಬಹುತೇಕ ಹೋಟೆಲುಗಳು ಮುಚ್ಚಿದವು. ಇಂತಹ ಕಾಲದಲ್ಲಿ ಪ್ರಮಾಣಪತ್ರ ಮತ್ತು ಬೇರೆಡೆಗೂ ಸಲ್ಲುವ ಕೌಶಲವಿದ್ದವರು ಆಸ್ಪತ್ರೆ, ವಿದ್ಯಾರ್ಥಿನಿಲಯ, ಕಾರ್ಖಾನೆಯ ಕ್ಯಾಂಟೀನ್ ಮೊದಲಾದ ಕಡೆ ಕೆಲಸ ಹುಡುಕಿಕೊಳ್ಳಲು ಸಾಧ್ಯ. ಕೌಶಲವಿಲ್ಲದ ದಿನಗೂಲಿಯವರಿಗೆ ಆ ದಾರಿ ಕಿರಿದು.

ಮೂರನೆಯದಾಗಿ, ಹೆಣ್ಣುಮಕ್ಕಳ ಪೋಷಕರಲ್ಲಿ ಆತಂಕವಿರುತ್ತದೆ. ಆ ಆತಂಕವನ್ನು ತಳ್ಳಿಹಾಕದೆ ಉತ್ತರ ನೀಡಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ವಿಧಿಸುತ್ತದೆ. ಸಮಿತಿ ಇದೆಯೇ, ನೇಮಕಾತಿ ಪತ್ರ ಕೊಡುತ್ತಾರೆಯೇ, ಭವಿಷ್ಯನಿಧಿ ಮತ್ತು ಇ.ಎಸ್.ಐ. ಸೌಲಭ್ಯವಿದೆಯೇ, ರಾತ್ರಿ ಪಾಳಿಗೆ ವಾಹನದ ವ್ಯವಸ್ಥೆಯಿದೆಯೇ, ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ವಸತಿಯಿದೆಯೇ ಎಂಬ ಐದು ಪ್ರಶ್ನೆಗಳನ್ನು ಕೆಲಸಕ್ಕೆ ಸೇರುವ ಮೊದಲೇ ಕೇಳಲು ಯುವತಿಯರಿಗೆ ಕಲಿಸಬೇಕು.

ನಾಲ್ಕನೆಯದಾಗಿ, "ಓದಿಸಿ ಎಂಜಲು ತಟ್ಟೆ ಎತ್ತಲು ಕಳಿಸುವುದೇ?" ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಕರಾವಳಿಯ ಉಡುಪಿ ಹೋಟೆಲುಗಳ ಚರಿತ್ರೆ ಇದಕ್ಕೆ ಉತ್ತರ. ಕಡಂದಲೆಯ ಕೃಷ್ಣರಾಯರು ಮದರಾಸಿನ ಅಡುಗೆಮನೆಯ ಕೆಲಸದಿಂದ ಆರಂಭಿಸಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಆದರೆ ಆ ತಲೆಮಾರಿನ ಅನೇಕರು ಶಾಲೆ ಬಿಟ್ಟು, ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಆ ದಾರಿ ಹಿಡಿದಿದ್ದರು. ಇಂದಿನ ಮಕ್ಕಳು ಅದೇ ಎತ್ತರವನ್ನು ಶಾಲೆಯ ಮೂಲಕವೇ ತಲುಪಬೇಕು.

6. ಪರಿಚಯದ ಹೆಸರಿನಲ್ಲಿ ದುಡಿಮೆ ನಡೆಯದಂತೆ ಎಚ್ಚರ

ಈ ಪಾಠದಲ್ಲಿ ಸದಸ್ಯರು ಅತ್ಯಂತ ಗಮನವಿಟ್ಟು ಓದಬೇಕಾದ ಭಾಗವಿದು. ಹೋಟೆಲ್, ಢಾಬಾ, ಚಹಾದಂಗಡಿ, ರೆಸಾರ್ಟ್ ಮೊದಲಾದೆಡೆ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗಕ್ಕೆ ನೇಮಿಸುವುದನ್ನು ನಿಷೇಧಿಸಿತು. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ನೇಮಿಸುವಂತಿಲ್ಲ. ಸ್ವಂತ ಕುಟುಂಬದ ಅಪಾಯರಹಿತ ಉದ್ಯಮದಲ್ಲಿ ಶಾಲಾ ಅವಧಿಯ ಹೊರಗೆ ನೆರವಾಗುವುದಕ್ಕೆ ಕಾಯ್ದೆಯು ಅವಕಾಶ ನೀಡಿದ್ದರೂ, ಹೋಂಸ್ಟೇಯ ಕೆಲಸದಿಂದ ಮಗುವಿನ ಹಾಜರಾತಿ ಕುಸಿಯುತ್ತಿದ್ದರೆ ಪಂಚಾಯಿತಿ ಸುಮ್ಮನಿರುವಂತಿಲ್ಲ.

ಆದ್ದರಿಂದ ವಿದ್ಯಾರ್ಥಿಗಳ ಭೇಟಿಯು ನೋಡುವುದಕ್ಕೆ ಮತ್ತು ಕೇಳುವುದಕ್ಕೆ ಸೀಮಿತವಾಗಿರಬೇಕು. ಬೇಸಿಗೆ ರಜೆಯಲ್ಲಿ ಅತಿಥಿಗಳು ಹೆಚ್ಚಿದಾಗ "ಅನುಭವಕ್ಕಾಗಿ" ಮಕ್ಕಳನ್ನು ಕಳುಹಿಸಿಕೊಡಿ ಎಂಬ ಕೋರಿಕೆ ಬಂದರೆ ಅದನ್ನು ನಿರಾಕರಿಸತಕ್ಕದ್ದು. ಮಗು ದುಡಿಯುತ್ತಿರುವುದು ಕಂಡುಬಂದಲ್ಲಿ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು.

7. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

(ಅ) ಹುದ್ದೆಗಳ ಪಟ್ಟಿ. ಸರಹದ್ದಿನಲ್ಲಿರುವ ರೆಸಾರ್ಟ್ ಮತ್ತು ಹೋಟೆಲುಗಳಿಂದ ಒಂದು ಹಾಳೆಯ ಮಾಹಿತಿಯನ್ನು ಕೋರಿ ಪಡೆಯಿರಿ. ಅದರಲ್ಲಿ ನಾಲ್ಕು ಕಲಂ ಸಾಕು: ಹುದ್ದೆ, ಒಟ್ಟು ಸಂಖ್ಯೆ, ನಮ್ಮ ಪಂಚಾಯಿತಿಯವರ ಸಂಖ್ಯೆ, ಬೇಕಾದ ವಿದ್ಯಾರ್ಹತೆ. ನೌಕರರ ಹೆಸರು ಬೇಡ. ಮೂರನೆಯ ಕಲಂನಲ್ಲಿ ಸೊನ್ನೆಯಿರುವ ಹುದ್ದೆಗಳು ಯಾವುವು ಎಂಬುದೇ ಮುಂದಿನ ಕೆಲಸಕ್ಕೆ ದಿಕ್ಸೂಚಿ. ಈ ಮಾಹಿತಿಯನ್ನು ಸೌಹಾರ್ದದಿಂದ ಕೋರಬೇಕು. ಪರವಾನಗಿ ನವೀಕರಣಕ್ಕೆ ಇದನ್ನು ಷರತ್ತಾಗಿ ಮುಂದಿಡಬಾರದು.

(ಆ) ಪರಿಚಯ ಭೇಟಿ. 9 ಮತ್ತು 10ನೇ ತರಗತಿ ಹಾಗೂ ಪಿ.ಯು.ಸಿ. ವಿದ್ಯಾರ್ಥಿಗಳಿಗೆ, ಅತಿಥಿಗಳು ಕಡಿಮೆಯಿರುವ ದಿನಗಳಲ್ಲಿ, ಮೂರು ಗಂಟೆ ಮೀರದ ಭೇಟಿಯನ್ನು ಏರ್ಪಡಿಸಿ. ಒಂದು ತಂಡದಲ್ಲಿ 25ರಿಂದ 30 ವಿದ್ಯಾರ್ಥಿಗಳು, ಜೊತೆಗೆ ಓರ್ವ ಶಿಕ್ಷಕಿ ಸೇರಿದಂತೆ ಇಬ್ಬರು ಶಿಕ್ಷಕರು ಇರಲಿ. ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. ಈಜುಕೊಳ ಮತ್ತು ಉದ್ಯಾನವನ್ನು ತೋರಿಸಿ ಕಳುಹಿಸಿದರೆ ಭೇಟಿಯ ಉದ್ದೇಶ ಈಡೇರದು. ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಜನರೇಟರ್ ಕೋಣೆ, ಸ್ವಾಗತ ಕಚೇರಿಯ ಕಂಪ್ಯೂಟರ್ ಇವುಗಳನ್ನು ತೋರಿಸಬೇಕು. ಪ್ರತಿ ವಿದ್ಯಾರ್ಥಿಯೂ ಒಬ್ಬ ನೌಕರರಿಗಾದರೂ ಮೂರು ಪ್ರಶ್ನೆ ಕೇಳಲಿ: ತಾವು ಏನು ಓದಿದ್ದೀರಿ, ಮೊದಲ ಕೆಲಸ ಯಾವುದಾಗಿತ್ತು, ಈ ಹುದ್ದೆಗೆ ಹೇಗೆ ಬಂದಿರಿ?

(ಇ) ಅರಿವು ಕೇಂದ್ರದಲ್ಲಿ ಒಂದು ಫಲಕ. ತರಬೇತಿಗಳ ಹೆಸರು, ಅರ್ಹತೆ, ಅರ್ಜಿಯ ಕೊನೆಯ ದಿನಾಂಕ ಮತ್ತು ವಿಚಾರಿಸಬೇಕಾದ ಕಚೇರಿ ಇಷ್ಟನ್ನು ಪ್ರದರ್ಶಿಸಿ, ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಿ. ವಾರಕ್ಕೊಂದು ದಿನ ಇಂಗ್ಲಿಷ್ ಮಾತುಗಾರಿಕೆಯ ಅಭ್ಯಾಸವನ್ನೂ ಇಲ್ಲಿಯೇ ನಡೆಸಬಹುದು.

(ಈ) ಪೋಷಕರ ಸಭೆ. ಸಂಜೀವಿನಿ ಒಕ್ಕೂಟದ ಸಭೆಯಲ್ಲಿ ತಾಯಂದಿರಿಗೆ ಈ ವೃತ್ತಿಗಳ ಬಗ್ಗೆ ತಿಳಿಸಿ. ನಿಮ್ಮದೇ ಊರಿನಿಂದ ಹೋಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಮಹಿಳೆಯೊಬ್ಬರಿದ್ದರೆ ಅವರನ್ನೇ ಮಾತನಾಡಲು ಆಹ್ವಾನಿಸಿ. ಅಧಿಕಾರಿಗಳ ಭಾಷಣಕ್ಕಿಂತ ಅವರ ಮಾತು ಹೆಚ್ಚು ನಾಟುತ್ತದೆ.

(ಉ) ಹಾಡಿಗಳಿಗೆ ಆದ್ಯತೆ. ಸಾಮಾಜಿಕ ನ್ಯಾಯ ಸಮಿತಿಯು ಆಶ್ರಮ ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ವಿದ್ಯಾರ್ಥಿಗಳನ್ನು ಮೊದಲ ತಂಡದಲ್ಲಿಯೇ ಸೇರಿಸಬೇಕು. ಹಾಡಿಯ ಹಿರಿಯರನ್ನು ಶಾಲೆಗೆ ಕರೆಸಿ ಕಾಡಿನ ಪಾಠ ಹೇಳಿಸಿದರೆ ಮಕ್ಕಳಿಗೆ ತಮ್ಮ ಅರಿವಿನ ಬೆಲೆ ತಿಳಿಯುತ್ತದೆ.

ಸೆಪ್ಟೆಂಬರ್ 27 ವಿಶ್ವ ಪ್ರವಾಸೋದ್ಯಮ ದಿನ. ಆ ವಾರದಲ್ಲಿ ಮೊದಲ ಭೇಟಿಯನ್ನು ಇರಿಸಿಕೊಂಡರೆ ಮುಂದಿನ ಪ್ರವೇಶ ಪ್ರಕ್ರಿಯೆಗಳಿಗೆ ಸಾಕಷ್ಟು ಕಾಲಾವಕಾಶ ಉಳಿಯುತ್ತದೆ. ಸರಹದ್ದಿನಲ್ಲಿ ರೆಸಾರ್ಟ್ ಇಲ್ಲದ ಪಂಚಾಯಿತಿಗಳು ನೆರೆಯ ಪಂಚಾಯಿತಿಯೊಡನೆ ಸೇರಿ ಈ ಕಾರ್ಯ ಮಾಡಬಹುದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದಂತಹ ತಾಣಗಳ ಸುತ್ತಲಿನ ಊರುಗಳಿಗೂ ಈ ಪಾಠ ಅನ್ವಯಿಸುತ್ತದೆ.

8. ಚರ್ಚೆಗಾಗಿ ಪ್ರಶ್ನೆಗಳು

1. ನಮ್ಮ ಪಂಚಾಯಿತಿಯಲ್ಲಿ ಕಳೆದ ವರ್ಷ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಮುಗಿಸಿದವರು ಎಷ್ಟು ಮಂದಿ? ಅವರು ಈಗ ಏನು ಮಾಡುತ್ತಿದ್ದಾರೆ?
2. ಸ್ಥಳೀಯ ರೆಸಾರ್ಟುಗಳಲ್ಲಿ ಯಾವ ಹುದ್ದೆಗಳಲ್ಲಿ ನಮ್ಮ ಊರಿನವರು ಒಬ್ಬರೂ ಇಲ್ಲ? ಅದಕ್ಕೆ ಕಾರಣ ವಿದ್ಯಾರ್ಹತೆಯೋ, ಭಾಷೆಯೋ, ಮಾಹಿತಿಯ ಕೊರತೆಯೋ?
3. ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಲು ನಮ್ಮ ಊರಿನಲ್ಲಿರುವ ಅಡ್ಡಿಗಳು ಯಾವುವು?
4. ರಜಾ ದಿನಗಳಲ್ಲಿ ಮಕ್ಕಳು ಹೋಟೆಲ್ ಅಥವಾ ಹೋಂಸ್ಟೇಗಳಲ್ಲಿ ದುಡಿಯುತ್ತಿರುವ ಪ್ರಕರಣಗಳಿವೆಯೇ?

9. ನಿರ್ಣಯದ ಮಾದರಿ ಕರಡು

"ಪಂಚಾಯಿತಿ ವ್ಯಾಪ್ತಿಯ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳಿಗೆ ಆತಿಥ್ಯೋದ್ಯಮದ ವೃತ್ತಿಗಳನ್ನು ಪರಿಚಯಿಸುವ ಸಲುವಾಗಿ, ಸ್ಥಳೀಯ ಸಂಸ್ಥೆಗಳಿಂದ ಹುದ್ದೆಗಳ ಪಟ್ಟಿಯನ್ನು ಕೋರುವುದು, ಮುಖ್ಯ ಶಿಕ್ಷಕರು ಹಾಗೂ ಪ್ರಾಂಶುಪಾಲರ ಸಹಕಾರದೊಡನೆ ವರ್ಷಕ್ಕೆ ಕನಿಷ್ಠ ಎರಡು ಪರಿಚಯ ಭೇಟಿಗಳನ್ನು ಏರ್ಪಡಿಸುವುದು, ಅರಿವು ಕೇಂದ್ರದಲ್ಲಿ ಮಾಹಿತಿ ಫಲಕವನ್ನು ಇರಿಸುವುದು, ಭೇಟಿಯ ಸಂದರ್ಭದಲ್ಲಿ ಯಾವುದೇ ವಿದ್ಯಾರ್ಥಿಯಿಂದ ಕೆಲಸ ಮಾಡಿಸದಂತೆ ನೋಡಿಕೊಳ್ಳುವುದು ಹಾಗೂ ಪ್ರಗತಿಯ ವಿವರವನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸುವುದು ಎಂದು ಸಭೆಯು ತೀರ್ಮಾನಿಸಿತು."

ಸದಸ್ಯರು ಈ ಕರಡನ್ನು ತಮ್ಮ ಊರಿನ ಸ್ಥಿತಿಗೆ ತಕ್ಕಂತೆ ತಿದ್ದಿಕೊಂಡು, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ತಿಳಿಸಲು ಕೋರಲಾಗಿದೆ.